ಎಂಟು ಸಿಲಿಂಡರಿನ ಕುದುರೆ

ನಾಗಪುರವೆಂದೊಡನೆ ನಮ್ಮ ಕಡೆಯವರಿಗೆ ನೆನಪಾಗುವುದು ಎರಡೇ: ಕಿತ್ತಳೆ ಹಣ್ಣು ಮತ್ತು ಮೇ ತಿಂಗಳ ಬಿಸಿಲು. ಊರಿಗೆ ಹೋದಾಗಲೆಲ್ಲ "ಏನಪ್ಪಾ, ಬರಿಗೈಯಲ್ಲಿ ಬಂದೆಯಾ, ಕಿತ್ತಳೆ ಎಲ್ಲಿ?" ಎಂದು ಕೇಳುವವರೇ. ಹಣ್ಣು ಸಿಗುವ ಕಾಲ ಬೇರೆ, ನನಗೆ ರಜೆ ಸಿಗುವ ಕಾಲ ಬೇರೆ ಎಂದರೆ ಯಾರೂ ನಂಬುವುದಿಲ್ಲ. ಇಲ್ಲಿ ಇಪ್ಪತ್ತೆರಡು ವರ್ಷ ಕೇಂದ್ರ ಸರಕಾರದ ಗುಮಾಸ್ತಗಿರಿ ಮಾಡಿದ ನನಗೆ ಮಾತ್ರ ಮೂರನೆಯದೊಂದಿದೆ. ಅದು ಸಿವಿಲ್ ಲೈನ್ಸ್‌ನ ನೆರಳು.

ನಮ್ಮ ಕಚೇರಿ ಇರುವುದು ಅಲ್ಲಿ. ಬ್ರಿಟಿಷರು ಮಧ್ಯಪ್ರಾಂತ್ಯವನ್ನು ಆಳುತ್ತಿದ್ದ ಕಾಲದಲ್ಲಿ ತಮ್ಮ ಸಾಹೇಬರುಗಳಿಗೆಂದು ಕಟ್ಟಿಕೊಂಡ ಬಡಾವಣೆ. ವಿಧಾನ ಭವನ, ಹೈಕೋರ್ಟು, ದೊಡ್ಡ ಅಂಚೆ ಕಚೇರಿ ಎಲ್ಲವೂ ಅಲ್ಲೇ. ಡಿಸೆಂಬರಿನಲ್ಲಿ ವಿಧಾನಮಂಡಲದ ಚಳಿಗಾಲದ ಅಧಿವೇಶನ ನಡೆಯುವಾಗ ಬಿಟ್ಟರೆ ಉಳಿದ ಹನ್ನೊಂದು ತಿಂಗಳು ಬೇವಿನ ಮರಗಳ ಕೆಳಗೆ ಒಂದು ಬಗೆಯ ಪೆನ್ಷನ್ ಪಡೆದವರ ನಿಶ್ಶಬ್ದ. ಮಧ್ಯಾಹ್ನ ಬುತ್ತಿ ಮುಗಿಸಿ ಹತ್ತು ನಿಮಿಷ ಅಡ್ಡಾಡುವುದು ನನ್ನ ಅಭ್ಯಾಸ. ಡಾಕ್ಟರರು ಸಕ್ಕರೆ ಕಾಯಿಲೆಯ ಭಯ ಹಾಕಿದ ಮೇಲೆ ಅದು ಇಪ್ಪತ್ತು ನಿಮಿಷವಾಗಿದೆ. ಹೆಚ್ಚಿನ ಹತ್ತು ನಿಮಿಷಕ್ಕೆ ಹೊಸ ಓಣಿ ಬೇಕಾಯಿತು. ಹಾಗೆ ಹೊಕ್ಕ ಓಣಿಯೊಂದರಲ್ಲಿ, ಹಳೆಯ ಬಂಗಲೆಯ ಮುರುಕಲು ಕಾರ್ ಷೆಡ್ಡಿನಲ್ಲಿ, ಟಾರ್ಪಾಲಿನ ಕೆಳಗಿನಿಂದ ಇಣುಕುತ್ತಿದ್ದ ಮೂರು ನೆಟ್ಟನೆಯ ಕೆಂಪು ದೀಪಗಳನ್ನು ಕಂಡು ನಿಂತುಬಿಟ್ಟೆ.

ಆ ದೀಪಗಳನ್ನು ನಾನು ಮೊದಲು ನೋಡಿದ್ದು ನಾಲ್ಕನೆಯ ತರಗತಿಯಲ್ಲಿ. ಶಿವಮೊಗ್ಗದಲ್ಲಿ ನಮ್ಮಣ್ಣನದೊಂದು ಗ್ಯಾರೇಜು. ಗ್ಯಾರೇಜೆಂದರೆ ಅಪ್ಪ ಬಿಟ್ಟುಹೋದ ಸೈಟಿನಲ್ಲಿ ಹಿಂದೊಂದು ಇಟ್ಟಿಗೆ ಗೋಡೆ, ಮೇಲೆ ಜಿಂಕ್ ಶೀಟು, ನೆಲದ ತುಂಬ ಆಯಿಲು. ರದ್ದಿ ಅಂಗಡಿಯಿಂದ ಬಂದ ಹಳೆಯ ಅಮೇರಿಕನ್ ಪತ್ರಿಕೆಯೊಂದರಲ್ಲಿ ಎರಡು ಪುಟಗಳನ್ನು ಆವರಿಸಿದ ಒಂದು ಕೆಂಪು ಕಾರಿನ ಚಿತ್ರವಿತ್ತು. ಅಣ್ಣ ಅದನ್ನು ಹರಿದು, ಅಮ್ಮನಿಂದ ಮೈದಾ ಅಂಟು ಮಾಡಿಸಿಕೊಂಡು ಆ ಇಟ್ಟಿಗೆ ಗೋಡೆಗೆ ಮೆತ್ತಿದ. ಕೆಳಗೆ ಇಂಗ್ಲಿಷಿನಲ್ಲಿ ಹೆಸರಿತ್ತು. ಅಣ್ಣನಿಗೆ ಓದಲು ಬರುತ್ತಿರಲಿಲ್ಲ, ನಾನು ಕೂಡಿಸಿ ಕೂಡಿಸಿ ಓದಿ ಹೇಳಿದೆ: ಫೋರ್ಡ್ ಮಸ್ಟಾಂಗ್. "ಹಾಗಂದರೇನೋ?" ಎಂದ. ಮೇಷ್ಟರನ್ನು ಕೇಳಿಕೊಂಡು ಬಂದು "ಕಾಡುಕುದುರೆ" ಎಂದೆ. ಅಂದಿನಿಂದ ಅದು ನಮ್ಮ ಗ್ಯಾರೇಜಿನಲ್ಲಿ ಕುದುರೆಯೇ. ಗಿರಾಕಿಗಳ ಅಂಬಾಸಡರು, ಫಿಯೆಟ್ಟು, ಜೀಪುಗಳೆಲ್ಲ ಆ ಕುದುರೆಯ ಎದುರಿಗೆ ದನಕರುಗಳಂತೆ ನಿಲ್ಲುತ್ತಿದ್ದವು.

ಓದುಗರಲ್ಲಿ ಈ ಬಂಡಿಯ ಪರಿಚಯವಿಲ್ಲದವರಿಗೆ ನಾಲ್ಕು ಮಾತು ಹೇಳಬೇಕು. ಫೋರ್ಡ್ ಕಂಪನಿ ಇದನ್ನು ಲೋಕಕ್ಕೆ ತೋರಿಸಿದ್ದು 1964ರ ಏಪ್ರಿಲ್ 17ರಂದು, ನ್ಯೂಯಾರ್ಕಿನ ವಿಶ್ವ ಮೇಳದಲ್ಲಿ. ನಮ್ಮಣ್ಣ ಹುಟ್ಟಿದ್ದೂ ಅದೇ ವರ್ಷವೇ, ಆದರೆ ಅದನ್ನು ಯಾರೂ ಮೇಳದಲ್ಲಿ ತೋರಿಸಲಿಲ್ಲ. ಲೀ ಅಯಾಕೋಕಾ ಎಂಬಾತ ಆಗ ಫೋರ್ಡ್ ವಿಭಾಗದ ಮುಖ್ಯಸ್ಥ. ಯುದ್ಧ ಮುಗಿದ ಮೇಲೆ ಹುಟ್ಟಿದ ಅಮೇರಿಕದ ಮಕ್ಕಳು ಆಗ ತಾನೇ ಸಂಪಾದನೆಗೆ ಇಳಿದಿದ್ದರು. ಅಪ್ಪಂದಿರು ಓಡಿಸುವ ಹಡಗಿನಂಥ ಕಾರು ಅವರಿಗೆ ಬೇಡ, ಸಾಹುಕಾರರ ಸ್ಪೋರ್ಟ್ಸ್ ಕಾರು ಕೈಗೆಟುಕದು ಎಂಬುದನ್ನು ಆತ ಕಂಡುಕೊಂಡ. ಫಾಲ್ಕನ್ ಎಂಬ ತಮ್ಮದೇ ಸಾಧಾರಣ ಸಂಸಾರದ ಕಾರಿನ ತಳ, ಚಕ್ರ, ಯಂತ್ರ ಎಲ್ಲವನ್ನೂ ತೆಗೆದುಕೊಂಡು ಅದರ ಮೇಲೆ ಉದ್ದ ಮೂತಿಯ, ಗಿಡ್ಡ ಬಾಲದ ಹೊಸ ಮೈ ಹೊದಿಸಿದರು. ಬೆಲೆ 2,368 ಡಾಲರಿನಿಂದ ಆರಂಭ. ಮೊದಲ ದಿನವೇ ಇಪ್ಪತ್ತೆರಡು ಸಾವಿರ ಜನ ಬುಕ್ ಮಾಡಿದರು. 1966ರ ಮಾರ್ಚಿಗೆ ಹತ್ತು ಲಕ್ಷದ ಕಾರು ಹೊರಬಂತು. ಹಳೆಯ ಸೀರೆಗೆ ಹೊಸ ಜರಿ ಅಂಚು ಹಚ್ಚಿ ಮದುವೆಗೆ ಉಡುವ ಉಪಾಯ ನಮ್ಮ ಹೆಂಗಸರಿಗೂ ಗೊತ್ತು. ಅದರಿಂದ ಇಷ್ಟು ಹಣ ಮಾಡಬಹುದೆಂದು ಮಾತ್ರ ಗೊತ್ತಿರಲಿಲ್ಲ.

ಅಮೇರಿಕದ ಕಾರಿಗೂ ನಮಗೂ ಏನು ಸಂಬಂಧ ಎನ್ನಬೇಡಿ. ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲೇ ಯೂರೋಪು ಅಮೇರಿಕಗಳ ಕಾರ್ಖಾನೆಗಳನ್ನು ಕಣ್ಣಾರೆ ನೋಡಿ ಬಂದು, ಭಾರತದಲ್ಲೇ ಮೋಟಾರು ಕಾರು ತಯಾರಾಗಬೇಕೆಂದು ಯೋಜನೆ ಬರೆದವರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಕೈಜೋಡಿಸಿದರು, ಕ್ರೈಸ್ಲರ್ ಕಂಪನಿಯೊಡನೆ ಮಾತಾಯಿತು, ಮೈಸೂರು ಸಂಸ್ಥಾನವೂ ಮುಂದೆ ಬಂತು. ಬ್ರಿಟಿಷ್ ಸರಕಾರ ಒಪ್ಪಲಿಲ್ಲ. ಬೆಂಗಳೂರಿಗೆ 1940ರಲ್ಲಿ ವಾಲ್‌ಚಂದರಿಂದಲೇ ವಿಮಾನದ ಕಾರ್ಖಾನೆ ಬಂತು, ಕಾರು ಮುಂಬಯಿಯ ಕುರ್ಲಾ ಸೇರಿತು. ಅಲ್ಲಿ ಡಾಡ್ಜು, ಪ್ಲಿಮತ್ತುಗಳ ಜೋಡಣೆ ನಡೆದು, ಕೊನೆಗೆ ಫಿಯೆಟ್ಟಿಗೆ ಬಂದು ನಿಂತದ್ದು ಎಲ್ಲರಿಗೂ ತಿಳಿದದ್ದೇ. "ಸರ್ ಎಂ.ವಿ. ಮಾತು ನಡೆದಿದ್ದರೆ ನಾನೂ ಬೆಂಗಳೂರಿನಲ್ಲಿ ಕಾರ್ಖಾನೆ ನೌಕರನಾಗಿ ಪಿ.ಎಫ್. ತಗೊಳ್ತಿದ್ದೆ" ಎಂದು ಅಣ್ಣ ಈಗಲೂ ನಗುತ್ತಾನೆ.

ಅಣ್ಣ ನನಗಿಂತ ಹದಿನೈದು ವರ್ಷ ದೊಡ್ಡವನು. ಅಪ್ಪ ಹೋದಾಗ ನಾನು ತೊಟ್ಟಿಲಲ್ಲಿದ್ದೆ. ಅದಕ್ಕೂ ಮೊದಲೇ ಶಾಲೆ ಬಿಟ್ಟು ಒಬ್ಬ ಉಸ್ತಾದರ ಕೈಕೆಳಗೆ ಸೇರಿದ್ದ ಅಣ್ಣನೇ ನನಗೆ ಅಪ್ಪನೂ ಆದ. ನನ್ನನ್ನು ಗ್ಯಾರೇಜಿನಲ್ಲಿ ಸ್ಪ್ಯಾನರ್ ಮುಟ್ಟಲು ಬಿಡುತ್ತಿರಲಿಲ್ಲ. "ಕೈಗೆ ಗ್ರೀಸು ಹತ್ತಿದರೆ ಹೋಗಲ್ಲ ಪುಟ್ಟಾ, ನೀನು ಪೆನ್ನು ಹಿಡಿ" ಎನ್ನುತ್ತಿದ್ದ. ಸಹ್ಯಾದ್ರಿ ಕಾಲೇಜಿನಲ್ಲಿ ನನ್ನ ಬಿ.ಎಸ್‌ಸಿ. ಮುಗಿಯುವ ತನಕ ಫೀಸು, ಪುಸ್ತಕ, ಬಸ್ ಪಾಸು ಎಲ್ಲ ಆ ಜಿಂಕ್ ಶೀಟಿನ ಕೆಳಗಿನಿಂದಲೇ ಬಂತು. ಥರ್ಮೋಡೈನಮಿಕ್ಸ್ ಓದಿ ಕಾರ್ನೋ ಚಕ್ರವನ್ನು ಬರೆದು ತೋರಿಸಬಲ್ಲವನಾದೆ, ಸ್ಕೂಟರಿನ ಪ್ಲಗ್ ಬಿಚ್ಚಲು ಬಾರದು. ಮುಂದೆ ಪರೀಕ್ಷೆ ಬರೆದೆ, ಗುಮಾಸ್ತನಾದೆ, ನಾಗಪುರಕ್ಕೆ ಬಂದೆ. ಫೈಲಿನ ಮೇಲೆ ಟಿಪ್ಪಣಿ ಬರೆಯಲು ಭೌತಶಾಸ್ತ್ರವೇನೂ ಬೇಕಾಗಲಿಲ್ಲ.

ಈಗ ಹೇಳಬೇಕಾದ ಮಾತಿಗೆ ಬರುತ್ತೇನೆ. ಕಾರುಗಳಿಗೆ ಕಂಪ್ಯೂಟರು ಬಂದ ಮೇಲೆ ಅಣ್ಣನ ಗ್ಯಾರೇಜು ಸೊರಗಿತು. ಈಗಿನ ಗಾಡಿಗೆ ತಂತಿ ಚುಚ್ಚಿ ಪರದೆಯ ಮೇಲೆ ರೋಗ ಓದಬೇಕು. ಕಿವಿಕೊಟ್ಟು ಕೇಳುವ ವೈದ್ಯ ಯಾರಿಗೂ ಬೇಡ. ಮೇಲಿಂದ ಸಕ್ಕರೆ ಕಾಯಿಲೆ ಅವನ ಕಣ್ಣಿನ ಪರದೆಗೆ ಇಳಿಯಿತು. ಬಲಗಣ್ಣು ಪೂರ್ತಿ ಮಂಜು, ಎಡಗಣ್ಣಿನಲ್ಲಿ ಆಕಾರಗಳು ಮಾತ್ರ. ಕಣ್ಣಿಗೆ ಚುಚ್ಚುಮದ್ದು ಎಂದರೆ ಒಂದೊಂದಕ್ಕೂ ಸಾವಿರಗಟ್ಟಲೆ. ಗ್ಯಾರೇಜಿನ ಸೈಟಿಗೆ ಒಳ್ಳೆಯ ಬೆಲೆಗೆ ಗಿರಾಕಿ ಬಂದಿದ್ದ. ಸೈಟು ನಮ್ಮಿಬ್ಬರ ಹೆಸರಿನಲ್ಲಿದೆ. ನಾನು ಕರಾರು ಪತ್ರಕ್ಕೆ ಸಹಿ ಹಾಕಿ ಕಳಿಸಿ ಆರು ತಿಂಗಳಾಗಿತ್ತು. ಅಣ್ಣ ಹಾಕಿರಲಿಲ್ಲ. ಫೋನಿನಲ್ಲಿ ಕೇಳಿದರೆ ಮಳೆ, ಅಡಕೆ ರೇಟು, ಮಗಳ ಬಾಣಂತನ ಎಂದು ಬೇರೆ ಮಾತು ತೆಗೆಯುತ್ತಿದ್ದ. ಒಮ್ಮೆ ನಾನು ತಾಳ್ಮೆಗೆಟ್ಟು, "ಮುಚ್ಚಿದ ಅಂಗಡಿಗೆ ಎಷ್ಟು ದಿನ ಕಾವಲು ಕೂರ್ತೀಯ?" ಎಂದುಬಿಟ್ಟೆ. ಆಮೇಲೆ ಎರಡು ತಿಂಗಳು ಅವನು ಫೋನ್ ಮಾಡಲಿಲ್ಲ. ಅತ್ತಿಗೆಯೇ ಮಾತಾಡುತ್ತಿದ್ದರು.

2025ರ ನವೆಂಬರಿನಲ್ಲಿ, ಇಲ್ಲಿಯ ಕಣ್ಣಿನ ಡಾಕ್ಟರರಿಗೊಮ್ಮೆ ತೋರಿಸೋಣವೆಂದು ಅತ್ತಿಗೆಯೇ ಬಲವಂತ ಮಾಡಿ ಅವನನ್ನು ಬೆಂಗಳೂರಿನಲ್ಲಿ ಸಂಘಮಿತ್ರ ಎಕ್ಸ್‌ಪ್ರೆಸ್ ಹತ್ತಿಸಿದರು. ಕರಾರು ಪತ್ರವನ್ನೂ ಚೀಲದಲ್ಲಿಟ್ಟು ನನಗೆ ಗುಟ್ಟಾಗಿ ಫೋನ್ ಮಾಡಿದರು. ಬಂದವನು ನಮ್ಮ ಮಕ್ಕಳೊಡನೆ ನಗುನಗುತ್ತ ಇದ್ದ, ನನ್ನೊಡನೆ ಮಾತ್ರ ಅಳೆದು ಮಾತಾಡುತ್ತಿದ್ದ. ಎರಡು ದಿನ ಆ ಚೀಲವನ್ನು ಇಬ್ಬರೂ ಮುಟ್ಟಲಿಲ್ಲ. ಮೂರನೆಯ ದಿನ, ಬೇರೆ ಏನು ಹೇಳಲೂ ತೋಚದೆ, "ಅಣ್ಣಾ, ನಮ್ಮ ಗೋಡೆಯ ಮೇಲಿನ ಕುದುರೆ ಇಲ್ಲಿ ಸಿವಿಲ್ ಲೈನ್ಸ್‌ನಲ್ಲಿದೆ" ಎಂದೆ. ಬಿಸಿಬಿಸಿ ಉಪ್ಪಿಟ್ಟಿನ ಮೇಲೆ ಕೈ ಹಾಗೇ ನಿಂತಿತು.

ಬಂಗಲೆಯ ಯಜಮಾನರು ಎಂಬತ್ತು ದಾಟಿದ ಮರಾಠಿ ಡಾಕ್ಟರರು. ಅಮೇರಿಕದಲ್ಲಿ ಓದಿ, ಕೆಲಸ ಮಾಡಿ, ಎಪ್ಪತ್ತರ ದಶಕದಲ್ಲಿ ಊರಿಗೆ ಮರಳುವಾಗ ಹಡಗಿನಲ್ಲಿ ಈ ಕಾರನ್ನೂ ತಂದರಂತೆ. ನಾನು ಅಳುಕುತ್ತ ಗೇಟು ತಟ್ಟಿ ವಿಷಯ ಹೇಳಿದರೆ, "ನೋಡುವವರು ಬಹಳ ಜನ ಬರುತ್ತಾರೆ, ಎಲ್ಲರೂ ಬೆಲೆ ಕೇಳುತ್ತಾರೆ. ನೀವು ಮುಟ್ಟಿ ನೋಡಬೇಕು ಅಂತೀರಲ್ಲ, ಬನ್ನಿ" ಎಂದರು. ಭಾನುವಾರ ಹೋದೆವು. ಮಾಸಿದ ಬಿಳಿ ಬಣ್ಣ, 1966ರ ಮಾದರಿ, ಎರಡೇ ಬಾಗಿಲು, ಎಡಗಡೆ ಸ್ಟಿಯರಿಂಗು. ಅಣ್ಣ ಮೂತಿಯಿಂದ ಬಾಲದವರೆಗೆ ಅಂಗೈ ಸವರಿಕೊಂಡು ನಡೆದ. ಮುಂಚಕ್ರದ ಹಿಂದಿನಿಂದ ಹೊರಟು ಬಾಗಿಲನ್ನು ದಾಟಿ ಹೋಗುವ ಆ ಕೊರೆದ ಗೆರೆಯನ್ನು ಎರಡು ಸಲ ತಡವಿದ. "ಚಿತ್ರದಲ್ಲಿ ಇದು ನೆರಳು ಅಂದುಕೊಂಡಿದ್ದೆ" ಎಂದ.

ಡಾಕ್ಟರ್ ಸಾಹೇಬರು ಕಾರನ್ನು ಹೊಗಳಿದಷ್ಟೇ ಬೈದರು. ಅವರ ಮಾತಿನಲ್ಲೇ ನನಗೆ ಅದರ ಗುಣದೋಷಗಳು ತಿಳಿದದ್ದು. ಯಂತ್ರ 289 ಘನ ಇಂಚಿನದು, ಅಂದರೆ 4.7 ಲೀಟರು, 200 ಅಶ್ವಶಕ್ತಿ. ನಮ್ಮ ಅಂಬಾಸಡರಿನದು ಒಂದೂವರೆ ಲೀಟರು, ಸುಮಾರು ಐವತ್ತು ಅಶ್ವಶಕ್ತಿ. ಆ ಕಾಲದ ಅಮೇರಿಕದವರು ಫ್ಯಾನು, ಡೈನಮೋ, ಸೈಲೆನ್ಸರುಗಳ ಹೊರೆ ಕಳಚಿಟ್ಟು ಶಕ್ತಿ ಅಳೆಯುತ್ತಿದ್ದರು, ಆದ್ದರಿಂದ ಚಕ್ರಕ್ಕೆ ಮುಟ್ಟುವುದು ಅದಕ್ಕಿಂತ ಎಷ್ಟೋ ಕಡಿಮೆ. ಆದರೂ ಆಗಿನ ಅಮರಾವತಿ ರಸ್ತೆಯಲ್ಲಿ ಕಾಲು ಒತ್ತಿದರೆ ಸೀಟು ಬೆನ್ನನ್ನು ತಳ್ಳುತ್ತಿತ್ತಂತೆ. ಓಡುವುದೇನೋ ಸರಿ, ನಿಲ್ಲುವುದು ಹೇಗೆ? ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಬ್ರೇಕಿನ ಎಣ್ಣೆಗೆ ಒಂದೇ ದಾರಿ. ಎಲ್ಲಾದರೂ ಸೋರಿತೆಂದರೆ ನಾಲ್ಕು ಚಕ್ರವೂ ಕೈಕೊಟ್ಟಂತೆ. 1967ರ ಮಾದರಿಯಿಂದಷ್ಟೇ ಇಬ್ಬಗೆಯಾಯಿತು. ಹಿಂದೆ ಎತ್ತಿನಗಾಡಿಯ ನೆಂಟನಂಥ ಇಡೀ ಆಕ್ಸಲ್ಲು, ಕಮಾನು ಪಟ್ಟಿ. ಗುಂಡಿಯಲ್ಲಿ ಒಂದು ಚಕ್ರ ಇಳಿದರೆ ಇನ್ನೊಂದೂ ಕುಣಿಯುತ್ತದೆ. ಭಾರವೆಲ್ಲ ಮೂತಿಯಲ್ಲಿ, ತಿರುವಿನಲ್ಲಿ ನೇರ ಹೋಗಲು ಹವಣಿಕೆ. ಡಿಕ್ಕಿಯಲ್ಲಿ ಸಾಮಾನಿಡುವ ನೆಲವೇ ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗ! ಹಿಂದಿನ ಸೀಟಿನಲ್ಲಿ ಮಕ್ಕಳು ಕೂರಬಹುದು, ಅತ್ತೆ ಕೂರುವಂತಿಲ್ಲ. ಗಾಜಿನ ಕೆಳಗಿನ ಗಾಳಿ ಕಿಂಡಿ ತುಕ್ಕು ಹಿಡಿದು ನಾಗಪುರದ ಮಳೆಗಾಲದಲ್ಲಿ ಓಡಿಸುವವರ ಪಾದಕ್ಕೆ ಅಭಿಷೇಕ. ಮೇ ತಿಂಗಳಲ್ಲಿ ಪೆಟ್ರೋಲು ಕಾರ್ಬೊರೇಟರಿಗೆ ಸೇರುವ ಮುನ್ನವೇ ಪೈಪಿನಲ್ಲಿ ಕುದಿದು ಆವಿಯಾಗಿ ಗಾಡಿ ನಡುರಸ್ತೆಯಲ್ಲಿ ನಿಲ್ಲುವುದು. ಒಂದು ಲೀಟರಿಗೆ ಐದಾರು ಕಿಲೋಮೀಟರು. ಕೊನೆಗೆ ಅಮೇರಿಕದಲ್ಲೇ ಈ ಕುದುರೆಯ ಹಲ್ಲು ಕಿತ್ತರು. 1974ರ ಹೊಸ ಮಸ್ಟಾಂಗಿನಲ್ಲಿ ಎಂಟು ಸಿಲಿಂಡರಿನ ಯಂತ್ರವೇ ಇರಲಿಲ್ಲ.

ಹೊಸ ಕಾಲದ ಮಸ್ಟಾಂಗು 2016ರಲ್ಲಿ ಭಾರತಕ್ಕೂ ಬಂದಿತ್ತು, ಬಲಗಡೆ ಸ್ಟಿಯರಿಂಗಿನದು, ಸುಮಾರು ಅರವತ್ತೈದು ಲಕ್ಷ. ನನ್ನ ನಿವೃತ್ತಿಯ ಎಲ್ಲ ಹಣ ಕೂಡಿಸಿದರೂ ಅದರ ಮೂತಿಯಷ್ಟೇ ಬಂದೀತು. ಅಣ್ಣನಿಗೆ ಅದರ ಮೇಲೆ ಆಸೆಯೂ ಇಲ್ಲ. "ಅದರ ಬಾನೆಟ್ ತೆಗೆದರೆ ಪ್ಲಾಸ್ಟಿಕ್ ಮುಚ್ಚಳ ಕಾಣುತ್ತೆ" ಎಂದು ತಳ್ಳಿಹಾಕಿದ.

"ಸ್ಟಾರ್ಟ್ ಆಗುತ್ತದೆಯೇ?" ಎಂದು ಅಣ್ಣ ನನ್ನ ಕೈಲಿ ಕೇಳಿಸಿದ. ನಾಲ್ಕು ವರ್ಷದ ಹಿಂದೆ ಒಬ್ಬ ಮೆಕ್ಯಾನಿಕ್ ಬಂದು ಪ್ಲಗ್ ವಯರುಗಳನ್ನೆಲ್ಲ ಬದಲಾಯಿಸಿ ಹೋದನಂತೆ, ಅಂದಿನಿಂದ ಪಟಾಕಿಯಂತೆ ಸಿಡಿಯುತ್ತದೆಯೇ ಹೊರತು ಓಡಿಲ್ಲ. ಅಣ್ಣ ಅಂಗಿಯ ತೋಳು ಮಡಿಸಿದ. ನನ್ನ ಎದೆ ಡವಗುಟ್ಟಿತು. ಕಣ್ಣು ಕಾಣದವನು, ಬೇರೆಯವರ ಬೆಲೆಬಾಳುವ ಗಾಡಿ. ಏನಾದರೂ ಎಡವಟ್ಟಾದರೆ? "ಬೇಡ ಬಾ ಅಣ್ಣ" ಎಂದು ಕನ್ನಡದಲ್ಲಿ ಪಿಸುಗುಟ್ಟಿದೆ. ಅವನಿಗೆ ಕೇಳಿಸಲಿಲ್ಲವೋ, ಕೇಳಿಸಿಕೊಳ್ಳಲಿಲ್ಲವೋ.

ಎಂಟು ಪ್ಲಗ್ ಬಿಚ್ಚಿ, ಒಂದೊಂದು ಸಿಲಿಂಡರಿಗೂ ಸ್ವಲ್ಪ ಆಯಿಲ್ ಬಿಟ್ಟು, ಅರ್ಧ ಗಂಟೆ ಸುಮ್ಮನೆ ಕುಳಿತ. ಆಮೇಲೆ ಮುಂದಿನ ಪುಲ್ಲಿಗೆ ಸ್ಪ್ಯಾನರ್ ಹಾಕಿ ಕೈಯಿಂದಲೇ ಯಂತ್ರವನ್ನು ಮೆಲ್ಲಗೆ ಸುತ್ತಿಸಿದ. "ಹಿಡಿದಿಲ್ಲ" ಎಂದ. ಟ್ಯಾಂಕಿನ ಹಳೆಯ ಪೆಟ್ರೋಲು ಗೊಂದಿನಂತಾಗಿತ್ತು. ಈಗ ಬರುವ, ಎಥನಾಲ್ ಬೆರೆತ ಪೆಟ್ರೋಲಿಗೆ ಪಂಪಿನ ಹಳೆಯ ರಬ್ಬರ್ ತಡೆಯುವುದಿಲ್ಲವಂತೆ. ಆದ್ದರಿಂದ ಎರಡನ್ನೂ ಬಿಟ್ಟು, ಬಾಟಲಿಯಲ್ಲಿ ಪೆಟ್ರೋಲು ತುಂಬಿ ಬಾನೆಟ್ಟಿಗೆ ಕಟ್ಟಿ, ಸಣ್ಣ ಪೈಪಿನಿಂದ ಕಾರ್ಬೊರೇಟರಿಗೆ ಇಳಿಸಿದ. ಥೇಟ್ ಆಸ್ಪತ್ರೆಯ ಸಲೈನು. ಡಾಕ್ಟರ್ ಸಾಹೇಬರು ನೋಡಿ ಬಹಳ ನಕ್ಕರು. ಡಿಸ್ಟ್ರಿಬ್ಯೂಟರಿನ ಪಾಯಿಂಟು ಕಿಲುಬು ಹಿಡಿದಿತ್ತು, ಉಜ್ಜಿದ. ಅದರ ಸಂದಿಗೆ ಅಳತೆ ಬೇಕು. ಅಳತೆಪಟ್ಟಿಯ ಅಂಕಿ ಅವನಿಗೆ ಕಾಣದು. "ಒಂದು ಪೋಸ್ಟ್ ಕಾರ್ಡ್ ಇದೆಯಾ?" ಎಂದ. ಡಾಕ್ಟರರ ಮೇಜಿನಿಂದ ಹಳೆಯದೊಂದು ತಂದುಕೊಟ್ಟೆ. ಅದನ್ನು ಮಡಿಸಿ ಸಂದಿಯಲ್ಲಿ ತೂರಿಸಿ ಸ್ಕ್ರೂ ಬಿಗಿದ. "ಉಸ್ತಾದರ ಅಳತೆ" ಎಂದ.

ಆಮೇಲೆ ಪ್ಲಗ್ ವಯರುಗಳನ್ನು ಒಂದೊಂದಾಗಿ ಬೆರಳಿನಿಂದ ಹಿಡಿದು, ಎಲ್ಲಿಂದ ಎಲ್ಲಿಗೆ ಹೋಗಿದೆಯೆಂದು ತಡವುತ್ತ ತಡವುತ್ತ ನಕ್ಕ. ಅವನು ಹುಡುಗನಾಗಿದ್ದಾಗ ತೀರ್ಥಹಳ್ಳಿ ಕಡೆಯ ಅಡಕೆ ತೋಟದ ಧಣಿಗಳೊಬ್ಬರ ಷೆವರ್ಲೆ ಇಂಪಾಲಾ ಉಸ್ತಾದರಲ್ಲಿಗೆ ರಿಪೇರಿಗೆ ಬರುತ್ತಿತ್ತು. ಎಂಟು ಸಿಲಿಂಡರಿನ ಅಕ್ಷರಾಭ್ಯಾಸ ಅವನಿಗೆ ಆದದ್ದು ಅದರಲ್ಲೇ. "ಪುಟ್ಟಾ, ಇದಕ್ಕೆ ಯಾರೋ ಷೆವರ್ಲೆ ಲೆಕ್ಕ ಹಾಕಿದ್ದಾರೆ ಕಣೋ. ಒಂದು, ಎಂಟು, ನಾಲ್ಕು, ಮೂರು, ಆರು, ಐದು, ಏಳು, ಎರಡು. ಇದು ಫೋರ್ಡು. ಇದರ ಲೆಕ್ಕ ಬೇರೆ ಇರುತ್ತೆ. ಅಲ್ಲಿ ಕಾರ್ಬೊರೇಟರಿನ ಕೆಳಗಿನ ಎರಕದ ಮೇಲೆ ಏನಾದರೂ ಬರೆದಿದೆಯಾ ನೋಡು."

ಚಿಂದಿಗೆ ಪೆಟ್ರೋಲು ಅದ್ದಿ ಅರವತ್ತು ವರ್ಷದ ಜಿಡ್ಡು ಉಜ್ಜಿದೆ. ಜನ್ಮದಲ್ಲಿ ಮೊದಲ ಬಾರಿ ನನ್ನ ಕೈಗೆ ಗ್ರೀಸು ಹತ್ತಿತು, ಅಣ್ಣ ಬೇಡವೆನ್ನಲಿಲ್ಲ. ಎರಕದ ಉಬ್ಬಕ್ಷರಗಳು ಕಂಡವು. ಗುಮಾಸ್ತನಲ್ಲವೇ, ಅಂಕಿ ಓದುವುದೊಂದು ಬರುತ್ತದೆ. ಗಟ್ಟಿಯಾಗಿ ಓದಿದೆ: 1-5-4-2-6-3-7-8. ಅಣ್ಣ ಕಣ್ಣು ಮುಚ್ಚಿ ಎರಡು ಸಲ ಹೇಳಿಕೊಂಡ. ಷೆವರ್ಲೆಯಲ್ಲಿ ಸಿಲಿಂಡರುಗಳನ್ನು ಎಡಕ್ಕೊಂದು ಬಲಕ್ಕೊಂದು ಎಂದು ಎಣಿಸುತ್ತಾರೆ. ಫೋರ್ಡಿನಲ್ಲಿ ಬಲಸಾಲಿನಲ್ಲಿ ಒಂದರಿಂದ ನಾಲ್ಕು, ಎಡಸಾಲಿನಲ್ಲಿ ಐದರಿಂದ ಎಂಟು. ರೋಟರು ಸುತ್ತುವ ದಿಕ್ಕೂ ಷೆವರ್ಲೆಗೆ ಉಲ್ಟಾ. ನಾನು ಅಂಕಿ ಹೇಳುತ್ತ ಹೋದೆ, ಅವನು ವಯರು ಸಿಕ್ಕಿಸುತ್ತ ಹೋದ.

ಪಕ್ಕದ ಮನೆಯವರ ಬ್ಯಾಟರಿ ತಂದು ಜೋಡಿಸಿದೆವು. ಡಾಕ್ಟರ್ ಸಾಹೇಬರೇ ಕೀಲಿ ತಿರುಗಿಸಿದರು. ಮೊದಲ ಸಲ ಕೆಮ್ಮು, ಎರಡನೆಯ ಸಲ ಹೊಗೆ, ಮೂರನೆಯ ಸಲಕ್ಕೆ ಷೆಡ್ಡಿನ ಹೆಂಚು ಅದುರಿತು. ಬೇವಿನ ಮರದ ಗಿಳಿಗಳೆಲ್ಲ ಹಾರಿಹೋದವು. ಅಣ್ಣ ಡಿಸ್ಟ್ರಿಬ್ಯೂಟರನ್ನು ಹಿಡಿದು ಕೂದಲೆಳೆಯಷ್ಟು ಆಚೆ, ಕೂದಲೆಳೆಯಷ್ಟು ಈಚೆ ತಿರುಗಿಸುತ್ತ ತಲೆ ವಾಲಿಸಿ ನಿಂತ, ಸಂಗೀತ ಕಚೇರಿಯ ಮೊದಲು ತಂಬೂರಿ ಶ್ರುತಿ ಮಾಡುವವರ ಹಾಗೆ. ಒಂದು ಜಾಗಕ್ಕೆ ಬಂದಾಗ ಆ ಸದ್ದು ಇಳಿದು, ಗುಡು-ಗುಡುಗುಡು-ಗುಡು ಎಂದು ನೆಲೆ ನಿಂತಿತು.

ಆ ಸದ್ದಿನ ಕಾರಣ ನನಗೆ ಆ ರಾತ್ರಿ ಕಾಗದದ ಮೇಲೆ ಲೆಕ್ಕ ಹಾಕಿದಾಗ ತಿಳಿಯಿತು. ಎಂಟು ಸಿಲಿಂಡರುಗಳೂ ಸಮಸಮ ಅಂತರದಲ್ಲೇ ಉರಿಯುತ್ತವೆ. ಆದರೆ ಆ ಎಂಟು ಅಂಕಿಗಳನ್ನು ಸಾಲಿಗೆ ತಕ್ಕಂತೆ ಬರೆದರೆ ಬಲ, ಎಡ, ಬಲ, ಬಲ, ಎಡ, ಬಲ, ಎಡ, ಎಡ. ಒಂದೊಂದು ಸಾಲಿನ ಹೊಗೆಕೊಳವೆಯಲ್ಲೂ ಎರಡು ಬಡಿತ ಬೆನ್ನುಬೆನ್ನಿಗೆ, ಆಮೇಲೊಂದು ಬಿಡುವು. ಓರಣ ತಪ್ಪಿದ್ದರಿಂದಲೇ ಆ ಗುಡುಗು. ಬಿ.ಎಸ್‌ಸಿ. ಓದಿ ಇಪ್ಪತ್ತೈದು ವರ್ಷಕ್ಕೆ ಒಂದು ಪ್ರಯೋಗ ಮಾಡಿದ ತೃಪ್ತಿ ನನಗಾಯಿತು. ಅಣ್ಣನಿಗೆ ಬೆಳಿಗ್ಗೆ ವಿವರಿಸಿದೆ. "ಹೂಂ, ಕೇಳಿಸ್ತಲ್ಲ" ಎಂದ.

ಐದು ನಿಮಿಷ ಓಡಿಸಿ ನಿಲ್ಲಿಸಿದರು, ಬಾಟಲಿಯಲ್ಲಿದ್ದದ್ದು ಅಷ್ಟೇ. ಬ್ರೇಕಿಲ್ಲದ ಗಾಡಿ ಷೆಡ್ಡಿನಿಂದ ಒಂದು ಗೇಣೂ ಕದಲಲಿಲ್ಲ. ಡಾಕ್ಟರ್ ಸಾಹೇಬರು ಸ್ಟಿಯರಿಂಗ್ ಬಿಟ್ಟು ಏಳಲು ಬಹಳ ಹೊತ್ತು ಹಿಡಿಯಿತು. ತೀರಿಕೊಂಡ ಹೆಂಡತಿ ಆ ಬಲಗಡೆಯ ಸೀಟಿನಲ್ಲಿ ಕೂತು, ಎದುರು ಬರುವ ಲಾರಿಯನ್ನು ತಮಗಿಂತ ಮೊದಲೇ ಕಂಡು ಕಿರುಚುತ್ತಿದ್ದರೆಂದು ಹೇಳಿ ಕಣ್ಣೊರೆಸಿಕೊಂಡರು. ಹಣ ಕೊಡಬಂದರು. ಅಣ್ಣ ಚಹಾ ಮಾತ್ರ ಸಾಕೆಂದ, ಅದೂ ಸಕ್ಕರೆ ಇಲ್ಲದೆ.

ಮನೆಗೆ ಬಂದು ಸೀಮೆಎಣ್ಣೆ ಇಲ್ಲದ್ದರಿಂದ ಕೊಬ್ಬರಿ ಎಣ್ಣೆಯಲ್ಲಿ ಕೈ ತಿಕ್ಕಿಕೊಂಡೆವು, ಬಚ್ಚಲಲ್ಲಿ ಅಕ್ಕಪಕ್ಕ ಕೂತು. ನನ್ನ ಹೆಂಡತಿ ಟವೆಲ್ ಹಾಳಾಯಿತೆಂದು ಗೊಣಗಿದಳು. ಊಟವಾದ ಮೇಲೆ ಅಣ್ಣ ತಾನಾಗಿಯೇ, "ಅವಳು ಚೀಲದಲ್ಲಿ ಇಟ್ಟಿರೋ ಕಾಗದ ತಗೊಂಡು ಬಾ" ಎಂದ. ನಾನು, "ಈಗೇನು ಅವಸರ, ಇರಲಿ ಬಿಡು" ಎಂದೆ. ಆರು ತಿಂಗಳು ಅವಸರ ಮಾಡಿದವನೇ ನಾನು. "ಎಲ್ಲಿ ಸಹಿ ಅಂತ ಬೆರಳಿಡು" ಎಂದ. ನಾನು ಇಟ್ಟ ಬೆರಳಿನ ಪಕ್ಕದಲ್ಲಿ, ಗೆರೆಗಿಂತ ಸ್ವಲ್ಪ ಮೇಲಕ್ಕೆ, ನಿಧಾನವಾಗಿ ಕನ್ನಡದಲ್ಲಿ ಹೆಸರು ಬರೆದ. ಉಗುರುಸಂದಿಯ ಕಪ್ಪು ಕಾಗದಕ್ಕೂ ಸ್ವಲ್ಪ ಹತ್ತಿತು.

ಎಡಗಣ್ಣಿಗೆ ಎರಡು ಚುಚ್ಚುಮದ್ದು ಇಲ್ಲೇ ಆಯಿತು. ಇರುವುದನ್ನು ಉಳಿಸಿಕೊಳ್ಳಬಹುದು, ಹೋದದ್ದು ಬರುವುದಿಲ್ಲ ಎಂದರು ಡಾಕ್ಟರರು. ಡಿಸೆಂಬರಿನಲ್ಲಿ ಅವನನ್ನು ರೈಲು ಹತ್ತಿಸಿದೆ, ಈ ಸಲ ಒಂದು ಬುಟ್ಟಿ ಕಿತ್ತಳೆಯೊಂದಿಗೆ.

ಸಂಕ್ರಾಂತಿಯ ದಿನ ಅವನೇ ಫೋನ್ ಮಾಡಿದ. ಗ್ಯಾರೇಜು ಖಾಲಿ ಮಾಡಿ ಕೀಲಿ ಕೊಟ್ಟಾಯಿತಂತೆ. ಸಾಮಾನುಗಳನ್ನು ಹಳೆಯ ಹುಡುಗನೊಬ್ಬನಿಗೆ ಕೊಟ್ಟನಂತೆ. "ಗೋಡೆಯ ಮೇಲಿನ ಕುದುರೆ ಬಿಡಿಸೋಕೆ ಬರಲಿಲ್ಲ ಪುಟ್ಟಾ. ಅಮ್ಮನ ಅಂಟು. ಅರ್ಧ ಹರೀತು, ಹಾಗೇ ಬಿಟ್ಟು ಬಂದೆ." ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಡಾಕ್ಟರ್ ಸಾಹೇಬರು ಕಂಡೆನ್ಸರ್ ಹೊಸದು ಹಾಕಿಸಿದರಾ? ಹೋಗಿ ಕೇಳು. ಹಳೇದು ಜಾಸ್ತಿ ದಿನ ಬರಲ್ಲ."